ನಾಲ್ಕು ಕಿಲೋಮೀಟರ್ ಹಿಮದ ಕೆಳಗಿನ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಅಂಟಾರ್ಕ್ಟಿಕಾದ ವೋಸ್ಟೋಕ್ ಸರೋವರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆವು. ಸುಮಾರು 250 ಕಿಲೋಮೀಟರ್ ಉದ್ದ, 50 ಕಿಲೋಮೀಟರ್ ಅಗಲದ ಆ ಸರೋವರವು ಸರಿಸುಮಾರು ನಾಲ್ಕು ಕಿಲೋಮೀಟರ್ ದಪ್ಪದ ಹಿಮಗಡ್ಡೆಯ ಕೆಳಗಿದೆಯೆಂದೂ, ಅಂಥ ಸರೋವರಗಳನ್ನು ವಿಮಾನದಲ್ಲಿ ಅಳವಡಿಸಿದ ರೇಡಾರ್‌ನಿಂದ ಗುರುತಿಸುತ್ತಾರೆಂದೂ ಅಲ್ಲಿ ಹೇಳಿತ್ತು. ಅಷ್ಟಕ್ಕೇ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಿಂದ ಇಷ್ಟೊಂದು ಪತ್ರಗಳು ಬರುತ್ತವೆಂದು ನಿರೀಕ್ಷಿಸಿರಲಿಲ್ಲ. ಬಿಸಿಲು 42 ಡಿಗ್ರಿ ದಾಟಿದ ದಿನಗಳಲ್ಲಿ ಹಿಮದ ಮಾತು ಹಿತವೆನಿಸಿದ್ದರೆ ಆಶ್ಚರ್ಯವೇನೂ ಇಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ರೇಡಿಯೋ ಅಲೆಗಳು ನೀರಿನೊಳಗೆ ಹೆಚ್ಚು ದೂರ ಸಾಗುವುದಿಲ್ಲವೆಂದು ನಾವೇ ಮಕ್ಕಳಿಗೆ ಹೇಳಿಕೊಡುತ್ತೇವೆ. ಹಿಮಗಡ್ಡೆಯೂ ನೀರೇ ಅಲ್ಲವೇ? ಅದು ನಾಲ್ಕು ಕಿಲೋಮೀಟರ್ ದಪ್ಪವಿದ್ದರೂ ಅಲೆ ತಳ ಮುಟ್ಟಿ ಹಿಂದಿರುಗುವುದು ಹೇಗೆ? ಹಿಂದಿರುಗಿದರೂ ಕೆಳಗಿರುವುದು ಬಂಡೆಯೋ ನೀರೋ ಎಂದು ತಿಳಿಯುವುದು ಹೇಗೆ? – ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಬೀದರ

ಉತ್ತರ: ನೀರೂ ಹಿಮಗಡ್ಡೆಯೂ ರಾಸಾಯನಿಕವಾಗಿ ಒಂದೇ ಆದರೂ ರೇಡಿಯೋ ಅಲೆಯ ಪಾಲಿಗೆ ಅವು ತೀರ ಬೇರೆ ಬೇರೆ ವಸ್ತುಗಳು. ದ್ರವರೂಪದ ನೀರಿನ ಅಣುಗಳು ಅಲೆಯ ವಿದ್ಯುತ್ ಕ್ಷೇತ್ರಕ್ಕೆ ತಕ್ಕಂತೆ ಹೊರಳಬಲ್ಲವು, ಅದರಲ್ಲಿ ಕರಗಿದ ಲವಣಗಳ ಅಯಾನುಗಳು ಅತ್ತಿಂದಿತ್ತ ಚಲಿಸಬಲ್ಲವು. ಹೀಗೆ ಅಲೆಯ ಶಕ್ತಿಯೆಲ್ಲ ಸವೆದುಹೋಗುತ್ತದೆ. ಹೆಪ್ಪುಗಟ್ಟಿದಾಗ ಅದೇ ಅಣುಗಳು ಹರಳಿನ ಚೌಕಟ್ಟಿನಲ್ಲಿ ಬಿಗಿದುಕೊಳ್ಳುತ್ತವೆ, ಲವಣವೂ ಬಹುಪಾಲು ಹೊರಗುಳಿಯುತ್ತದೆ. ಆದ್ದರಿಂದ ಚೆನ್ನಾಗಿ ತಣಿದ, ಶುದ್ಧವಾದ ಹಿಮಗಡ್ಡೆಯು ಕೆಲವು ಮೆಗಾಹರ್ಟ್ಸ್‌ನಿಂದ ಕೆಲವು ನೂರು ಮೆಗಾಹರ್ಟ್ಸ್‌ವರೆಗಿನ ಆವರ್ತನದ ಅಲೆಗಳಿಗೆ ಬಹುಮಟ್ಟಿಗೆ ಪಾರದರ್ಶಕ. ಹಿಮ ಬೆಚ್ಚಗಾದಷ್ಟೂ ಅಲೆ ಹೆಚ್ಚು ಸವೆಯುತ್ತದೆ. ಹಿಮಾಲಯದ ಹಿಮನದಿಗಳಿಗಿಂತ ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ಈ ಕೆಲಸ ಸುಲಭವಾಗಿರುವುದಕ್ಕೆ ಇದೇ ಮುಖ್ಯ ಕಾರಣ.

ಈ ಗುಣ ತಿಳಿದುಬಂದದ್ದು ಯಾರೋ ಅದನ್ನೇ ಹುಡುಕಿ ಹೊರಟದ್ದರಿಂದಲ್ಲ. ನೆಲದಿಂದ ವಿಮಾನದ ಎತ್ತರವನ್ನು ಅಳೆಯುವ ರೇಡಾರ್ ಉಪಕರಣಗಳು ಧ್ರುವಪ್ರದೇಶದ ಹಿಮದ ಮೇಲೆ ತಪ್ಪು ಅಂಕಿಗಳನ್ನು ತೋರಿಸುತ್ತಿದ್ದವು. ಅಲೆಯು ಹಿಮದ ಮೇಲ್ಮೈಯಿಂದ ಪುಟಿದು ಬರುವ ಬದಲು ಅದನ್ನು ತೂರಿ ಕೆಳಗಿನ ನೆಲದಿಂದ ಹಿಂದಿರುಗುತ್ತಿದ್ದುದರಿಂದ, ವಿಮಾನವು ಇರುವುದಕ್ಕಿಂತ ಹೆಚ್ಚು ಎತ್ತರದಲ್ಲಿದೆಯೆಂದು ಉಪಕರಣ ಹೇಳುತ್ತಿತ್ತು. ವಿಮಾನ ಚಾಲಕರಿಗೆ ಪ್ರಾಣಾಪಾಯ ತಂದಿಡಬಲ್ಲ ಈ ದೋಷವೇ ಹಿಮದ ದಪ್ಪ ಅಳೆಯುವ ವಿಧಾನವಾಯಿತು. 1950ರ ದಶಕದಲ್ಲಿ ಅಮೆರಿಕದ ಸೇನೆಯ ತಂತ್ರಜ್ಞ ಅಮೋರಿ ವೇಟ್ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು. 1960ರ ದಶಕದ ಆರಂಭದಲ್ಲಿ ಕೇಂಬ್ರಿಡ್ಜ್‌ನ ಸ್ಕಾಟ್ ಪೋಲಾರ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಸ್ಟ್ಯಾನ್ ಇವಾನ್ಸ್ ಇದಕ್ಕೆಂದೇ 35 ಮೆಗಾಹರ್ಟ್ಸ್‌ನ ಉಪಕರಣವನ್ನು ರೂಪಿಸಿದರು.

ಅಳತೆಯ ಲೆಕ್ಕ ನಿಮ್ಮ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆಯೇ ಮಾಡಿ ತೋರಿಸಬಹುದಾದಷ್ಟು ಸರಳ. ನಿರ್ವಾತದಲ್ಲಿ ರೇಡಿಯೋ ಅಲೆಯು ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಸಾಗಿದರೆ ಹಿಮಗಡ್ಡೆಯಲ್ಲಿ ಸುಮಾರು 168 ಮೀಟರ್ ಸಾಗುತ್ತದೆ. ಮೇಲ್ಮೈಯ ಪ್ರತಿಧ್ವನಿ ಬಂದ 36 ಮೈಕ್ರೋಸೆಕೆಂಡುಗಳ ನಂತರ ತಳದ ಪ್ರತಿಧ್ವನಿ ಬಂದಿತೆನ್ನಿ. 36ನ್ನು 168ರಿಂದ ಗುಣಿಸಿ, ಹೋಗಿ ಬರುವ ಎರಡು ಪಯಣಗಳಿಗಾಗಿ ಅರ್ಧ ಮಾಡಿದರೆ 3,024 ಮೀಟರ್. ಅಲ್ಲಿಯ ಹಿಮದ ದಪ್ಪ ಅಷ್ಟು.

ಬಂಡೆಯೋ ನೀರೋ ಎಂಬುದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಎರಡು ವಸ್ತುಗಳು ಕೂಡುವ ಗಡಿಯಲ್ಲಿ ಅಲೆಯ ಎಷ್ಟು ಭಾಗ ಹಿಂದಿರುಗುತ್ತದೆ ಎಂಬುದು ಆ ವಸ್ತುಗಳ ಡೈಎಲೆಕ್ಟ್ರಿಕ್ ಸ್ಥಿರಾಂಕಗಳ, ಅಂದರೆ ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆಂಬ ಅಳತೆಗಳ, ನಡುವಿನ ವ್ಯತ್ಯಾಸವನ್ನು ಅವಲಂಬಿಸಿದೆ. ಹಿಮಗಡ್ಡೆಗೆ ಈ ಸ್ಥಿರಾಂಕ ಸುಮಾರು 3.2, ಸಾಮಾನ್ಯ ಬಂಡೆಗೆ 6ರ ಆಸುಪಾಸು, ಶೂನ್ಯ ಡಿಗ್ರಿಯ ಬಳಿಯ ನೀರಿಗೆ 87ರಷ್ಟು. ಲೆಕ್ಕ ಹಾಕಿದರೆ, ಹಿಮ ಮತ್ತು ಬಂಡೆಯ ಗಡಿಯಲ್ಲಿ ಅಲೆಯ ಶಕ್ತಿಯ ಶೇಕಡಾ ಎರಡೂವರೆಯಷ್ಟು ಮಾತ್ರ ಹಿಂದಿರುಗಿದರೆ, ಹಿಮ ಮತ್ತು ನೀರಿನ ಗಡಿಯಲ್ಲಿ ಶೇಕಡಾ 45ಕ್ಕಿಂತ ಹೆಚ್ಚು ಭಾಗ ಹಿಂದಿರುಗುತ್ತದೆ. ಅಂದರೆ ನೀರಿರುವಲ್ಲಿ ಪ್ರತಿಧ್ವನಿಯು ಹದಿನೆಂಟು ಪಟ್ಟಿನಷ್ಟು ಬಲವಾಗಿರುತ್ತದೆ. ಇದರ ಜೊತೆಗೆ ಮತ್ತೊಂದು ಲಕ್ಷಣವೂ ಇದೆ. ರಾತ್ರಿ ಹೊತ್ತು ಉತ್ತ ಎರೆಹೊಲದ ಮೇಲೆ ಟಾರ್ಚ್ ಬಿಟ್ಟರೆ ಬೆಳಕು ಹೆಂಟೆಹೆಂಟೆಗೂ ಬಡಿದು ಚದುರುತ್ತದೆ, ಅಲುಗದ ಕೆರೆಯ ಮೇಲೆ ಬಿಟ್ಟರೆ ಒಂದೇ ಕಡೆಗೆ ನೇರವಾಗಿ ಪ್ರತಿಫಲಿಸುತ್ತದೆ. ಬಂಡೆಯ ತಳದ ಪ್ರತಿಧ್ವನಿ ವಿಮಾನ ಮುಂದೆ ಸಾಗಿದಂತೆ ಏರಿಳಿಯುತ್ತ ಮಿನುಗುವುದೂ ಸರೋವರದ ಪ್ರತಿಧ್ವನಿ ಒಂದೇ ಮಟ್ಟದಲ್ಲಿ ಸ್ಥಿರವಾಗಿ ನಿಲ್ಲುವುದೂ ಇದೇ ಕಾರಣಕ್ಕೆ.

ಆಗಿನ ಕಾಲದಲ್ಲಿ ಈ ಪ್ರತಿಧ್ವನಿಗಳನ್ನು ಫೋಟೋ ಫಿಲ್ಮಿನ ಮೇಲೆ ದಾಖಲಿಸುತ್ತಿದ್ದರು. ಅಂಥ ದಾಖಲೆಯಲ್ಲಿ ಮೇಲ್ಭಾಗದಲ್ಲಿ ಹಿಮದ ಮೇಲ್ಮೈಯ ಗೆರೆ, ಅದರ ಕೆಳಗೆ ಹಳೆಯ ಕಾಲದ ಹಿಮಪಾತದ ಪದರಗಳು ಮೂಡಿಸಿದ ಮಸುಕು ಗೆರೆಗಳು, ತಳದಲ್ಲಿ ಬೆಟ್ಟ ಕಣಿವೆಗಳಂತೆ ಅಂಕುಡೊಂಕಾದ ನೆಲದ ಗೆರೆ ಕಾಣುತ್ತವೆ. ಆ ಅಂಕುಡೊಂಕು ಗೆರೆ ಒಂದೆಡೆ ಇದ್ದಕ್ಕಿದ್ದಂತೆ ಅಡ್ಡಗೋಲಿನಿಂದ ಎಳೆದಷ್ಟು ನೇರವಾಗಿ, ದಟ್ಟವಾಗಿ ಕೆಲವು ಕಿಲೋಮೀಟರ್ ಸಾಗಿ, ಮತ್ತೆ ಹಠಾತ್ತನೆ ಒರಟಾಗುತ್ತದೆ. 1967-68ರ ಹಾರಾಟಗಳಲ್ಲಿ ಸೋವಿಯತ್ ಒಕ್ಕೂಟದ ಸೋವೆತ್ಸ್‌ಕಾಯಾ ಶಿಬಿರದ ಸಮೀಪ ಇಂಥದ್ದೊಂದು ಗೆರೆ ಕಂಡಾಗ, ಅದು ಹಿಮದಡಿಯ ಸರೋವರವಿರಬೇಕೆಂದು ಗಾರ್ಡನ್ ರಾಬಿನ್ ಮತ್ತು ಅವರ ಸಂಗಡಿಗರು 1970ರಲ್ಲಿ ಬರೆದರು. 1973ರ ಹೊತ್ತಿಗೆ ಅಂಥ 17 ಸ್ಥಳಗಳ ಪಟ್ಟಿ ಸಿದ್ಧವಾಗಿತ್ತು. 2022ರಲ್ಲಿ ಪ್ರಕಟವಾದ ಜಾಗತಿಕ ಪಟ್ಟಿಯಲ್ಲಿ ಹಿಮದಡಿಯ ಸರೋವರಗಳ ಸಂಖ್ಯೆ 773. ಅವುಗಳಲ್ಲಿ 675 ಅಂಟಾರ್ಕ್ಟಿಕಾದವು, 64 ಗ್ರೀನ್‌ಲ್ಯಾಂಡಿನವು.

ಕೊನೆಯದಾಗಿ, ಬಹಳ ಜನ ಗಮನಿಸದ ಒಂದು ಪರೀಕ್ಷೆಯ ಬಗ್ಗೆ ಹೇಳಬೇಕು; ನನ್ನ ಮಟ್ಟಿಗೆ ಇಡೀ ವಿಧಾನದಲ್ಲಿ ಅತ್ಯಂತ ಸೊಗಸಾದ ಭಾಗ ಇದೇ. ಹಿಮಗಡ್ಡೆಯು ನಿಜವಾಗಿಯೂ ನೀರಿನ ಮೇಲೆ ತೇಲುತ್ತಿದ್ದರೆ ಅದರ ಮೇಲ್ಮೈಗೂ ತಳಕ್ಕೂ ನಿರ್ದಿಷ್ಟ ಸಂಬಂಧವಿರಲೇಬೇಕು. ಹಿಮದ ಸಾಂದ್ರತೆ ಘನ ಮೀಟರಿಗೆ ಸುಮಾರು 917 ಕಿಲೋಗ್ರಾಂ, ನೀರಿನದು 1,000. ಈ ಅಂಕಿಗಳಿಂದ, ಸರೋವರದ ಮೇಲಿನ ಹಿಮದ ಮೇಲ್ಮೈ ಒಂದು ದಿಕ್ಕಿಗೆ 1 ಮೀಟರ್ ಇಳಿದರೆ ಅದರ ತಳವು ಅದೇ ದಿಕ್ಕಿಗೆ ಸುಮಾರು 11 ಮೀಟರ್ ಏರಬೇಕೆಂದು ಸಿದ್ಧವಾಗುತ್ತದೆ. ವೋಸ್ಟೋಕ್ ಸರೋವರದ ಉತ್ತರದ ತುದಿಯಲ್ಲಿ ಹಿಮದ ದಪ್ಪ ಸುಮಾರು 4,200 ಮೀಟರ್, ದಕ್ಷಿಣದಲ್ಲಿ ಸುಮಾರು 3,700 ಮೀಟರ್ ಇದ್ದರೂ, ಮೇಲ್ಮೈಯ ಇಳಿಜಾರು ಮಾತ್ರ ಅಷ್ಟು ಉದ್ದಕ್ಕೂ ಕೆಲವೇ ಹತ್ತು ಮೀಟರುಗಳಲ್ಲಿ ಮುಗಿಯುತ್ತದೆ. ಸರೋವರದ ಚಾವಣಿ ವಾಲಿಕೊಂಡಿದ್ದರೂ ಅದು ಸಪಾಟಾಗಿದೆ, ಮತ್ತು ಅದು ವಾಲಿರುವ ಪ್ರಮಾಣವು ತೇಲುವ ಹಿಮಕ್ಕೆ ಒಪ್ಪುತ್ತದೆ. ಹೊಳಪು, ಸಪಾಟುತನ, ಈ ಓರೆಯ ಪ್ರಮಾಣ ಮೂರೂ ಒಟ್ಟಿಗೆ ಹೊಂದಿದಲ್ಲಿ ಮಾತ್ರ ಸರೋವರವೆಂಬ ತೀರ್ಮಾನಕ್ಕೆ ಬಲ ಬರುತ್ತದೆ. "ರೇಡಾರ್ ಸರೋವರವನ್ನು ಕಂಡಿತು" ಎಂದು ಸುದ್ದಿಗಳಲ್ಲಿ ಬರೆಯುವುದು ವಾಡಿಕೆ. ರೇಡಾರ್ ಕೊಡುವುದು ಪ್ರತಿಧ್ವನಿಯ ಬಲ ಮತ್ತು ಕಾಲ ಎರಡನ್ನೇ, ಮಿಕ್ಕದ್ದೆಲ್ಲ ತರ್ಕದ ಕೆಲಸ.

ಪ್ರಶ್ನೆ: ವೋಸ್ಟೋಕ್‌ನಲ್ಲಿ ಭೂಮಿಯ ಮೇಲೆಯೇ ಅತ್ಯಂತ ಕಡಿಮೆ ಉಷ್ಣಾಂಶ ದಾಖಲಾಗಿದೆಯೆಂದು ಓದಿದ್ದೇನೆ. ಹಾಗಿದ್ದರೆ ಕೆಳಗಿನ ನೀರು ಹೆಪ್ಪುಗಟ್ಟದಿರುವುದು ಹೇಗೆ? – ಪದವಿ ವಿದ್ಯಾರ್ಥಿ, ಕಲಬುರಗಿ

ಉತ್ತರ: ನೀವು ಓದಿರುವುದು ಸರಿ, 1983ರ ಜುಲೈ 21ರಂದು ಅಲ್ಲಿ ಶೂನ್ಯಕ್ಕಿಂತ 89.2 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣಾಂಶ ದಾಖಲಾಯಿತು. ಆದರೆ ಅದು ಮೇಲಿನ ಗಾಳಿಯ ಮಾತು. ಭೂಮಿಯ ಒಡಲಿನಿಂದ ಸದಾ ಅಲ್ಪಸ್ವಲ್ಪ ಶಾಖ ಹೊರಬರುತ್ತಿರುತ್ತದೆ, ಮೇಲಿರುವ ಕಿಲೋಮೀಟರುಗಟ್ಟಲೆ ಹಿಮ ಅದು ಬೇಗ ಹೊರಹೋಗದಂತೆ ತಡೆಯುತ್ತದೆ. ಹೀಗಾಗಿ ಕೆಳಗಿಳಿದಂತೆ ಹಿಮದ ಉಷ್ಣಾಂಶ ಏರುತ್ತ ಹೋಗುತ್ತದೆ. ಇನ್ನೊಂದೆಡೆ, ನಾಲ್ಕು ಕಿಲೋಮೀಟರ್ ಹಿಮದ ಭಾರದಿಂದ ತಳದಲ್ಲಿ ನಮ್ಮ ವಾತಾವರಣದ ಒತ್ತಡದ 350 ಪಟ್ಟಿನಷ್ಟು ಒತ್ತಡವಿರುತ್ತದೆ, ಆ ಒತ್ತಡದಲ್ಲಿ ಹಿಮ ಕರಗಲು ಶೂನ್ಯ ಡಿಗ್ರಿ ಬೇಕಿಲ್ಲ, ಶೂನ್ಯಕ್ಕಿಂತ ಸುಮಾರು 3 ಡಿಗ್ರಿ ಕೆಳಗೇ ಕರಗುತ್ತದೆ. ವೋಸ್ಟೋಕ್ ಸರೋವರದ ನೀರು ಇರುವುದೂ ಸರಿಸುಮಾರು ಅದೇ ಉಷ್ಣಾಂಶದಲ್ಲಿ. ಹಿಮ ತೆಳುವಾಗಿರುವ ಕಡೆ ಶಾಖವೆಲ್ಲ ಸೋರಿಹೋಗಿ ತಳವು ಬಂಡೆಗೆ ಅಂಟಿ ಹೆಪ್ಪುಗಟ್ಟಿರುತ್ತದೆ. ಒಳನಾಡಿನ ನಿಧಾನವಾಗಿ ಸರಿಯುವ ಹಿಮದಡಿಯ ಸರೋವರಗಳು ಹೆಚ್ಚಾಗಿ ದಪ್ಪ ಹಿಮದ ಕೆಳಗೇ ಇರುವುದು ಇದರಿಂದ.

ಪ್ರಶ್ನೆ: ನಮ್ಮ ದೇಶದ ಮೈತ್ರಿ ನೆಲೆಯ ಬಳಿಯಿರುವ ಪ್ರಿಯದರ್ಶಿನಿ ಸರೋವರವೂ ಹಿಮದಡಿಯ ಸರೋವರವೇ? – ಹೈಸ್ಕೂಲ್ ವಿದ್ಯಾರ್ಥಿನಿ, ಬಸವಕಲ್ಯಾಣ

ಉತ್ತರ: ಅಲ್ಲ. ಮೈತ್ರಿ ನೆಲೆಯು ಷಿರ್ಮಾಕರ್ ಓಯಸಿಸ್ ಎಂಬ, ಹಿಮ ಸರಿದು ಬಂಡೆ ತೆರೆದುಕೊಂಡ ಪ್ರದೇಶದಲ್ಲಿದೆ. ಅಲ್ಲಿಯ ಸರೋವರಗಳು ಆಕಾಶಕ್ಕೆ ತೆರೆದಿದ್ದು, ಚಳಿಗಾಲದಲ್ಲಿ ಮೇಲ್ಭಾಗ ಹೆಪ್ಪುಗಟ್ಟಿ ಬೇಸಿಗೆಯಲ್ಲಿ ಕರಗುತ್ತವೆ. ನೆಲೆಗೆ ನೀರು ಬರುವುದೂ ಅಲ್ಲಿಂದಲೇ.

ಪ್ರಶ್ನೆ: ಯಾರೂ ಕಣ್ಣಾರೆ ನೋಡದ ಸರೋವರವನ್ನು ಪ್ರತಿಧ್ವನಿಯ ಆಧಾರದ ಮೇಲೆ ನಂಬುವುದಾದರೆ ಎಂದಾದರೂ ರೇಡಾರ್ ಸುಳ್ಳಾದದ್ದು ಉಂಟೇ? ಕೊರೆದು ನೋಡಿದವರು ಇದ್ದಾರೆಯೇ? – ನಿವೃತ್ತ ಎಂಜಿನಿಯರ್, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಎರಡೂ ಉಂಟು, ಮತ್ತು ತಮ್ಮ ಸಂದೇಹ ಯುಕ್ತವಾದದ್ದು.

ಮೊದಲು ಕೊರೆದವರ ವಿಚಾರ. ವೋಸ್ಟೋಕ್ ಇಷ್ಟು ದೊಡ್ಡ ಸರೋವರವೆಂಬುದು ಹಲವು ಬಗೆಯ ಸಾಕ್ಷ್ಯಗಳನ್ನು ಕೂಡಿಸಿದ ಮೇಲಷ್ಟೇ ಖಚಿತವಾಯಿತು. ರೇಡಾರ್‌ನ ಹಾರಾಟದ ದಾಖಲೆಗಳ ಜೊತೆಗೆ, 1991ರಲ್ಲಿ ಉಡಾಯಿಸಿದ ಯುರೋಪಿನ ಇಆರ್‌ಎಸ್-1 ಉಪಗ್ರಹವು ಮೇಲಿನ ಹಿಮ ಅಷ್ಟು ವಿಸ್ತಾರಕ್ಕೆ ಸಪಾಟಾಗಿರುವುದನ್ನು ಅಳೆದಿತ್ತು. ರಷ್ಯಾದ ಆಂದ್ರೇ ಕಪಿತ್ಸಾ 1959 ಮತ್ತು 1964ರಲ್ಲಿ ಅಲ್ಲಿ ಸಣ್ಣ ಸ್ಫೋಟಗಳನ್ನು ನಡೆಸಿ ದಾಖಲಿಸಿಟ್ಟಿದ್ದ ಕಂಪನದ ಅಲೆಗಳನ್ನು ಮತ್ತೆ ಪರಿಶೀಲಿಸಿದಾಗ, ಹಿಮದ ತಳ ಮತ್ತು ಬಂಡೆಯ ನಡುವೆ 500 ಮೀಟರಿನಷ್ಟು ನೀರಿರುವುದು ಗೋಚರಿಸಿತು. ಇದೆಲ್ಲವನ್ನು ಒಟ್ಟುಗೂಡಿಸಿದ ಪ್ರಬಂಧ ಪ್ರಕಟವಾದದ್ದು 1996ರಲ್ಲಿ. ಕಲಬುರಗಿಯಿಂದ ಹೈದರಾಬಾದಿಗೆ ಹೋಗುವ ದಾರಿಗಿಂತಲೂ ಉದ್ದವಾದ ಸರೋವರದ ಪುರಾವೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಡತದಲ್ಲಿ ಕುಳಿತಿತ್ತು! ಇಲ್ಲಿ ಒಂದು ಮಾತು ಸೇರಿಸಬೇಕು: ನೀರಿನ ಮೇಲ್ಮಟ್ಟ ಎಲ್ಲಿದೆಯೆಂದು ರೇಡಾರ್ ಚೆನ್ನಾಗಿ ಹೇಳುತ್ತದೆ, ಆದರೆ ಆ ನೀರು ಎಷ್ಟು ಆಳವಿದೆಯೆಂದು ಸಾಮಾನ್ಯವಾಗಿ ಹೇಳಲಾರದು, ಏಕೆಂದರೆ ಒಳಹೊಕ್ಕ ಅಲೆ ನೀರಿನಲ್ಲೇ ಸವೆದುಹೋಗುತ್ತದೆ. ಆಳಕ್ಕೆ ಕಂಪನದ ಅಲೆಗಳೇ ಬೇಕು.

ರಷ್ಯಾದ ತಂಡದ ಕೊರೆತ 2012ರ ಫೆಬ್ರವರಿ 5ರಂದು 3,769 ಮೀಟರ್ ಆಳದಲ್ಲಿ ವೋಸ್ಟೋಕ್‌ನ ನೀರನ್ನು ಮುಟ್ಟಿತು. ಕೊರೆದ ರಂಧ್ರ ಮುಚ್ಚಿಕೊಳ್ಳದಂತೆ ಅದರಲ್ಲಿ ಸೀಮೆಎಣ್ಣೆ ಬೆರೆತ ದ್ರವವನ್ನು ತುಂಬಿದ್ದರಿಂದ ಸಿಕ್ಕ ಮಾದರಿಗಳ ಶುದ್ಧತೆಯ ಬಗ್ಗೆ ತಕರಾರು ಎದ್ದಿತು. 2013ರ ಜನವರಿಯಲ್ಲಿ ಅಮೆರಿಕದ ತಂಡವು ಪಶ್ಚಿಮ ಅಂಟಾರ್ಕ್ಟಿಕಾದ ವಿಲನ್ಸ್ ಸರೋವರವನ್ನು ಸೋಸಿ ಶುದ್ಧೀಕರಿಸಿದ ಬಿಸಿನೀರಿನಿಂದ ಕೊರೆದು ತಲುಪಿತು. ಅಲ್ಲಿ 800 ಮೀಟರ್ ಹಿಮದ ಕೆಳಗೆ ಸಿಕ್ಕ ನೀರಿನ ಆಳ ಸುಮಾರು 2 ಮೀಟರ್ ಮಾತ್ರ, ಆದರೆ ಅದರ ಪ್ರತಿ ಮಿಲಿಲೀಟರಿನಲ್ಲಿ ಲಕ್ಷಕ್ಕೂ ಮಿಕ್ಕ ಸೂಕ್ಷ್ಮಜೀವಿಗಳಿದ್ದವು. ವಿಲನ್ಸ್ ಪತ್ತೆಯಾದ ಬಗೆಯೂ ಬೇರೆ. ಐಸ್‌ಸ್ಯಾಟ್ ಉಪಗ್ರಹದ ಲೇಸರ್ ಅಳತೆಗಳಲ್ಲಿ ಆ ಭಾಗದ ಹಿಮದ ಮೇಲ್ಮೈ ಕೆಲವು ಕಡೆ ಮೀಟರುಗಟ್ಟಲೆ ಏರಿ ಇಳಿಯುತ್ತಿರುವುದನ್ನು ಹೆಲೆನ್ ಫ್ರಿಕರ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಕೆಳಗೆ ನೀರು ತುಂಬಿದಾಗ ಮೇಲೆ ಉಬ್ಬು, ಅದು ಹರಿದು ಮುಂದಿನ ಸರೋವರಕ್ಕೆ ಹೋದಾಗ ತಗ್ಗು. ವಿಚಿತ್ರವೆಂದರೆ ಹೀಗೆ ತುಂಬಿ ಬರಿದಾಗುವ ಅನೇಕ ಸರೋವರಗಳ ಮೇಲೆ ರೇಡಾರ್ ಹಾಯಿಸಿದಾಗ ಮೇಲೆ ವಿವರಿಸಿದ ಹೊಳಪಿನ ನೇರ ಗೆರೆ ಕಾಣಿಸುವುದೇ ಇಲ್ಲ. ನೀರಿದ್ದೂ ರೇಡಾರ್ ಮೌನವಾಗಿರುವುದು ಸಾಧ್ಯ.

ನೀರಿಲ್ಲದೆಯೂ ರೇಡಾರ್ ಹೊಳಪನ್ನು ತೋರಿಸಿದ ಉದಾಹರಣೆ ಕೆನಡಾದ ಆರ್ಕ್ಟಿಕ್ ಪ್ರದೇಶದ ಡೆವನ್ ದ್ವೀಪದ ಹಿಮಹೊದಿಕೆಯದ್ದು. ಅಲ್ಲಿ ತಳದ ಉಷ್ಣಾಂಶ ಶೂನ್ಯಕ್ಕಿಂತ 10 ಡಿಗ್ರಿಗೂ ಕೆಳಗಿರುವುದರಿಂದ ಸಿಹಿನೀರು ದ್ರವವಾಗಿ ಉಳಿಯುವಂತಿಲ್ಲ. ಆದರೂ ಪ್ರತಿಧ್ವನಿ ಬಲವಾಗಿದ್ದುದನ್ನು ಕಂಡು, ವಿಪರೀತ ಉಪ್ಪಿನ ಸರೋವರಗಳಿರಬೇಕೆಂದು 2018ರಲ್ಲಿ ಪ್ರಕಟಿಸಿದರು. ನಂತರ ಹಿಮದ ಮೇಲೆ ಇಳಿದು ಕಂಪನದ ಅಲೆಗಳಿಂದ ಪರೀಕ್ಷಿಸಿದಾಗ ಅಲ್ಲಿ ಸರೋವರವಿಲ್ಲವೆಂದು ತಿಳಿದು, 2024ರಲ್ಲಿ ಆ ಫಲಿತಾಂಶವೂ ಪ್ರಕಟವಾಯಿತು. ಹೊಳಪನ್ನು ಲೆಕ್ಕ ಹಾಕುವಾಗ ಹಿಮದೊಳಗೆ ಅಲೆ ಎಷ್ಟು ಸವೆಯಿತೆಂದು ಊಹಿಸಿಕೊಳ್ಳಬೇಕಾಗುತ್ತದೆ. ಆ ಊಹೆ ಸ್ವಲ್ಪ ತಪ್ಪಿದರೂ ಸಾಮಾನ್ಯ ತಳ ನೀರಿನಂತೆ ಹೊಳೆಯುತ್ತದೆ. ಮಂಗಳ ಗ್ರಹದ ದಕ್ಷಿಣ ಧ್ರುವದ ಹಿಮದಡಿ ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ 20 ಕಿಲೋಮೀಟರ್ ಅಗಲದ ಹೊಳಪಿನ ತಾಣವೊಂದನ್ನು ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ರೇಡಾರ್ ಗುರುತಿಸಿತೆಂಬ ಸುದ್ದಿಯೂ ಬಂದದ್ದು 2018ರಲ್ಲೇ. ಅದು ಉಪ್ಪುನೀರೆಂದು ಇಟಲಿಯ ತಂಡ ಹೇಳಿದರೆ, ಜೇಡಿಮಣ್ಣಿನಂಥ ಖನಿಜಗಳಿಂದಲೋ ಹಿಮದ ಪದರಗಳ ಜೋಡಣೆಯಿಂದಲೋ ಅಷ್ಟೇ ಹೊಳಪು ಬರಬಹುದೆಂದು ಇತರರು ವಾದಿಸಿದ್ದಾರೆ. ಅಲ್ಲಿ ಇಳಿದು ಕಂಪನದ ಪರೀಕ್ಷೆ ಮಾಡುವ ಅನುಕೂಲವಿಲ್ಲದ್ದರಿಂದ, ಮಂಗಳದ ಸರೋವರವನ್ನು ನಾನು ಪಟ್ಟಿಗೆ ಸೇರಿಸಲು ಅವಸರ ಪಡುವುದಿಲ್ಲ.

ಪ್ರಶ್ನೆ: ನಾಲ್ಕು ಕಿಲೋಮೀಟರ್ ಕೆಳಗಿನ ನೀರನ್ನು ಹೇಳುವ ಯಂತ್ರಕ್ಕೆ ನಮ್ಮ ಹೊಲದಲ್ಲಿ ನಾನೂರು ಅಡಿ ಕೆಳಗಿನ ನೀರು ತಿಳಿಯದೇ? ತೆಂಗಿನಕಾಯಿ ಹಿಡಿದು ನೋಡುವವರ ಮಾತು ಕೇಳಿ ಕೊರೆಸಿದ ಬೋರ್‌ವೆಲ್‌ಗಳಲ್ಲಿ ಬರೀ ಧೂಳು ಬಂದಿದೆ. – ತೊಗರಿ ಬೆಳೆಗಾರ, ಜೇವರ್ಗಿ ತಾಲ್ಲೂಕು

ಉತ್ತರ: ತಿಳಿಯದು, ಮತ್ತು ಅದಕ್ಕೆ ಕಾರಣ ನಿಮ್ಮ ಹೊಲದ ಮಣ್ಣಿನಲ್ಲೇ ಇದೆ. ರೇಡಿಯೋ ಅಲೆಗಳು ದೂರ ಸಾಗಬೇಕಾದರೆ ಮಾಧ್ಯಮವು ವಿದ್ಯುತ್ತನ್ನು ಹರಿಯಗೊಡಬಾರದು. ಎರೆಮಣ್ಣಿನ ಜೇಡಿಯು ನೀರನ್ನೂ ಅದರೊಡನೆ ಲವಣಗಳನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಅದು ವಿದ್ಯುತ್ತಿಗೆ ಒಳ್ಳೆಯ ದಾರಿಯಾಗುತ್ತದೆ, ಅಲೆಯು ಒಂದೆರಡು ಮೀಟರ್ ಇಳಿಯುವಷ್ಟರಲ್ಲಿ ಸತ್ತುಹೋಗುತ್ತದೆ. ನೆಲದಡಿಯ ಕೊಳವೆ, ಕೇಬಲ್, ಹಳೆಯ ಕಟ್ಟಡಗಳ ಅಡಿಪಾಯ ಹುಡುಕಲು ಇದೇ ಬಗೆಯ ಸಣ್ಣ ರೇಡಾರ್‌ಗಳನ್ನು ಬಳಸುತ್ತಾರೆ, ಒಣ ಮರಳಿನಲ್ಲಿ ಅವು ಚೆನ್ನಾಗಿಯೂ ಕೆಲಸ ಮಾಡುತ್ತವೆ. ನಾನೂರು ಅಡಿಯ ಮಾತು ಬೇರೆ.

ಎರಡನೆಯ ಕಾರಣ, ನಮ್ಮ ಕಡೆ ನೆಲದಡಿಯ ನೀರು ಸರೋವರವಾಗಿ ನಿಂತಿರುವುದಿಲ್ಲ. ಬೀದರ, ಆಳಂದದ ಕಡೆಯ ಕರಿಕಲ್ಲಿನಲ್ಲಿ, ಭೀಮಾ ತೀರದ ಸುಣ್ಣಕಲ್ಲಿನಲ್ಲಿ, ಯಾದಗಿರಿಯ ಕಡೆಯ ಗ್ರಾನೈಟಿನಲ್ಲಿ ಅದು ಬಂಡೆಯ ಬಿರುಕುಗಳಲ್ಲೂ ಶಿಥಿಲಗೊಂಡ ಪದರಗಳಲ್ಲೂ ಹಂಚಿಕೊಂಡಿರುತ್ತದೆ. ಬಹಮನಿ ಕಾಲದಲ್ಲಿ ಬೀದರದ ನೌಬಾದಿನಲ್ಲಿ ಕರೇಜ್ ಎಂಬ ನೆಲದಡಿಯ ಕಾಲುವೆ ತೋಡಿದವರು ಜಂಬಿಟ್ಟಿಗೆ ಕಲ್ಲಿನ ಪದರದಲ್ಲಿ ಇಂಗಿದ ನೀರು ಜಿನುಗುವ ಜಾಡನ್ನು ಹಿಡಿದು ಸುರಂಗ ತೆಗೆದರು. ಅದು ಅವರು ಬಲ್ಲ ನೆಲ, ಅಲ್ಲಿ ನೀರಿನ ಜಾಡು ಕೈಗೆಟುಕುವ ಆಳದಲ್ಲಿತ್ತು. ಬಿರುಕೊಂದರ ಅಗಲ ಬೆರಳಿನಷ್ಟೂ ಇಲ್ಲದಿರುವಾಗ ಮೇಲಿನಿಂದ ಅದನ್ನು ನೇರವಾಗಿ ಗುರುತಿಸುವ ಯಂತ್ರ ಯಾವುದೂ ಇಲ್ಲ, ತೆಂಗಿನಕಾಯಿಯಂತೂ ಅಲ್ಲ.

ಭೂವಿಜ್ಞಾನಿಗಳು ನಮ್ಮ ಭಾಗದಲ್ಲಿ ಬಳಸುವುದು ವಿದ್ಯುತ್ ನಿರೋಧ ಪರೀಕ್ಷೆ. ಒಂದೇ ಸಾಲಿನಲ್ಲಿ ನಾಲ್ಕು ಲೋಹದ ಗೂಟಗಳನ್ನು ನೆಟ್ಟು, ಹೊರಗಿನ ಎರಡರ ಮೂಲಕ ನೆಲಕ್ಕೆ ವಿದ್ಯುತ್ ಹಾಯಿಸಿ, ಒಳಗಿನ ಎರಡರ ನಡುವೆ ಎಷ್ಟು ವೋಲ್ಟೇಜ್ ಇದೆಯೆಂದು ಅಳೆಯುತ್ತಾರೆ. ಗೂಟಗಳ ನಡುವಿನ ಅಂತರ ಹೆಚ್ಚಿಸುತ್ತ ಹೋದಂತೆ ವಿದ್ಯುತ್ ಹೆಚ್ಚು ಆಳಕ್ಕೆ ಇಳಿದು ಅಲ್ಲಿಯ ಪದರಗಳ ಸುಳಿವು ಕೊಡುತ್ತದೆ. ಬೇಸಿಗೆಯಲ್ಲಿ ಎರೆಭೂಮಿ ಬಿರಿದು ಗೂಟಕ್ಕೂ ಮಣ್ಣಿಗೂ ಸಂಪರ್ಕ ತಪ್ಪುವುದರಿಂದ, ಗೂಟದ ಬುಡಕ್ಕೆ ಉಪ್ಪುನೀರು ಹಾಕಿದ ಮೇಲೆಯೇ ಅಳತೆ ತೆಗೆದುಕೊಳ್ಳುತ್ತಾರೆ. ಒಣ ಗಟ್ಟಿ ಬಂಡೆಯಲ್ಲಿ ನಿರೋಧ ಹೆಚ್ಚು, ನೀರು ತುಂಬಿದ ಬಿರುಕು ಬಂಡೆಯಲ್ಲಿ ಕಡಿಮೆ. ಆದರೆ ನೀರು ಬಿಟ್ಟುಕೊಡದ ಜೇಡಿ ಪದರದಲ್ಲೂ ನಿರೋಧ ಕಡಿಮೆಯೇ ಇರುತ್ತದೆ. ಅಂಕಿ ಒಂದನ್ನೇ ನೋಡಿ ಕೊರೆಸಿದರೆ ಇಲ್ಲೂ ಧೂಳೇ ಬರಬಹುದು. ಆದ್ದರಿಂದ ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಗಳನ್ನಾಗಲಿ ಅರ್ಹತೆಯುಳ್ಳ ಖಾಸಗಿಯವರನ್ನಾಗಲಿ ಕರೆಸುವಾಗ, ನಿಮ್ಮ ಹೊಲದ ಒಣ ಬೋರ್‌ವೆಲ್‌ಗಳಲ್ಲಿ ಯಾವ ಆಳದಲ್ಲಿ ಯಾವ ಬಣ್ಣದ ಪುಡಿ ಬಂದಿತೆಂಬ ವಿವರವನ್ನೂ, ಪಕ್ಕದ ಹೊಲದಲ್ಲಿ ನೀರಿರುವ ಬಾವಿಯ ಆಳವನ್ನೂ ಬರೆದಿಟ್ಟು ಅವರಿಗೆ ತೋರಿಸಿ, ಅದರೊಡನೆ ಹೋಲಿಸಿ ಜಾಗ ಹೇಳುವಂತೆ ಕೇಳಿರಿ.